ಮೇಲ್ಮೈಗೆ ಒಂದು ದಿನ: ಕಟ್ಟುವ, ಬಳಿಯುವ, ಅಂಟಿಸುವ ಕೈಗಳಿಗೆ ಬಹಿರಂಗ ಪತ್ರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗಾರೆ ಮೇಸ್ತ್ರಿಗಳಿಗೆ, ಬಣ್ಣದ ಕೆಲಸದವರಿಗೆ, ಬಡಗಿಗಳಿಗೆ, ಕಬ್ಬಿಣ ಮತ್ತು ತಗಡಿನ ಕೆಲಸದವರಿಗೆ,



ನೀವು ಎತ್ತಿದ ಗೋಡೆಗಳ ನಡುವೆ ಬಾಳುತ್ತ, ನೀವು ಕೂಡಿಸಿದ ಮೇಜಿನ ಮೇಲೆ ಬರೆಯುತ್ತ, ನೀವು ಬಣ್ಣ ಬಳಿದ ಬಾಗಿಲನ್ನು ದಿನವೂ ತೆರೆದು ಮುಚ್ಚುತ್ತ ಆಯುಷ್ಯದ ಬಹುಭಾಗವನ್ನು ಈ ಸೀಮೆಯಲ್ಲಿಯೇ ಕಳೆದ, ರಸಾಯನಶಾಸ್ತ್ರವನ್ನು ಬೋಧಿಸುವುದೇ ವೃತ್ತಿಯಾಗಿದ್ದ ಒಬ್ಬ ಅಧ್ಯಾಪಕನಾದ ನಾನು, ಈ ಪತ್ರವನ್ನು ಬರೆಯುತ್ತಿದ್ದೇನೆ. ಕರಣೆ ಹಿಡಿಯುವುದನ್ನಾಗಲಿ ಬ್ರಷ್ಷು ಎಳೆಯುವುದನ್ನಾಗಲಿ ನಿಮಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆ ಉದ್ದೇಶವೂ ಇಲ್ಲ. ಆದರೆ ನೀವು ನಿತ್ಯವೂ ಕೈಯಲ್ಲಿ ಹಿಡಿಯುವ ಸುಣ್ಣ, ಸಿಮೆಂಟು, ಕೆಂಪು ಆಕ್ಸೈಡು, ಪ್ರೈಮರು, ಅಂಟು ಮೊದಲಾದ ಪದಾರ್ಥಗಳ ಸ್ವಭಾವದ ವಿಷಯದಲ್ಲಿ ವಿಜ್ಞಾನವು ಕಂಡುಕೊಂಡಿರುವ ಕೆಲವು ಸಂಗತಿಗಳು ಪ್ರಯೋಗಶಾಲೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ನಿಂತುಬಿಟ್ಟು, ಅವುಗಳಿಂದ ಎಲ್ಲರಿಗಿಂತ ಹೆಚ್ಚು ಪ್ರಯೋಜನ ಪಡೆಯಬೇಕಾದ ನಿಮ್ಮ ಬಳಿಗೆ ಬರಲಿಲ್ಲವಲ್ಲ ಎಂಬ ವ್ಯಥೆ ನನ್ನನ್ನು ಬಹುಕಾಲದಿಂದ ಬಾಧಿಸುತ್ತಿದೆ. ಅದನ್ನು ನಿವಾರಿಸಿಕೊಳ್ಳುವುದಕ್ಕೂ, ನಿಮ್ಮಲ್ಲಿ ಕೆಲವು ಪ್ರಾರ್ಥನೆಗಳನ್ನು ಮಾಡಿಕೊಳ್ಳುವುದಕ್ಕೂ ಈ ಪತ್ರ.

ಹೆಂಚಿನ ಮನೆಗಳಿದ್ದೆಡೆಯಲ್ಲಿ ಇಂದು ತಾರಸಿ ಮನೆಗಳು ಏಳುತ್ತಿವೆ; ಕೆಂಪು ಗಾರೆಯ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸು ಬರುತ್ತಿದೆ; ಹೊಗೆಸೊಪ್ಪಿನ ಬ್ಯಾರನ್ನುಗಳಿಗೂ ದನದ ಕೊಟ್ಟಿಗೆಗಳಿಗೂ ಜಿಂಕ್ ಶೀಟು ಹೊದಿಸಲಾಗುತ್ತಿದೆ. ಹಣವನ್ನು ಜನ ಕೂಡಿಟ್ಟೋ ಸಾಲ ಮಾಡಿಯೋ ತರುತ್ತಾರೆ. ಆದರೆ ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆಯ ಬಣ್ಣ ಪದರು ಪದರಾಗಿ ಏಳುತ್ತದೆ, ಟೈಲ್ಸಿನ ಮೇಲೆ ಬೆರಳಿನಿಂದ ಬಡಿದರೆ ಟೊಳ್ಳು ಶಬ್ದ ಬರುತ್ತದೆ, ಬೀರುವಿನ ಬಾಗಿಲಿಗೆ ಅಂಟಿಸಿದ ಸನ್‌ಮೈಕ ಅಂಚಿನಲ್ಲಿ ಬಾಯಿ ಬಿಡುತ್ತದೆ. ಆಗ ಮನೆಯ ಯಜಮಾನರು ಕೆಲಸದವರನ್ನು ದೂರುತ್ತಾರೆ, ಕೆಲಸದವರು ಅಂಗಡಿಯವರನ್ನು ದೂರುತ್ತಾರೆ, ಅಂಗಡಿಯವರು ಕಂಪನಿಯ ಕಡೆಗೆ ಕೈ ತೋರಿಸುತ್ತಾರೆ. ಬಣ್ಣ ಒಳ್ಳೆಯದೇ, ಅಂಟೂ ಒಳ್ಳೆಯದೇ, ಕೆಲಸದವರ ಕೈಯೂ ಒಳ್ಳೆಯದೇ ಆಗಿದ್ದು ಕೆಲಸ ಕೆಟ್ಟಿರುವ ಸಂದರ್ಭಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಡುಕು ಹುಟ್ಟುವುದು ಈ ಮೂರರ ಒಳಗೂ ಅಲ್ಲದ, ಒಂದು ವಸ್ತು ಮುಗಿದು ಇನ್ನೊಂದು ಆರಂಭವಾಗುವ ಆ ಕೂದಲೆಳೆಗಿಂತ ತೆಳುವಾದ ಸೀಮಾರೇಖೆಯಲ್ಲಿ, ಅಂದರೆ ಮೇಲ್ಮೈಯಲ್ಲಿ. ನಾನು ಹೇಳಬೇಕೆಂದಿರುವ ಮಾತು ಒಂದೇ: ಬಳಿಯುವ ದಿನಕ್ಕೆ ಮುಂಚೆ ಮೇಲ್ಮೈಗೆಂದೇ ಒಂದು ದಿನವನ್ನು ಮೀಸಲಿಡಿ.

ನಾವು ಕಣ್ಣಿನಿಂದ ಕಂಡು ಕಬ್ಬಿಣ, ಸತು, ಅಲ್ಯೂಮಿನಿಯಂ ಎಂದು ಹೆಸರಿಸುವ ವಸ್ತುಗಳ ಹೊರಮೈಯಲ್ಲಿ ಶುದ್ಧವಾದ ಲೋಹವು ಕ್ಷಣಮಾತ್ರವೂ ನಿಲ್ಲುವುದಿಲ್ಲ. ಗಾಳಿಯ ಆಮ್ಲಜನಕವು ತಾಗಿದೊಡನೆಯೇ ಅದರ ಮೇಲೆ ಆಕ್ಸೈಡಿನ ಒಂದು ತೊಗಲು ಹುಟ್ಟುತ್ತದೆ. ಅಲ್ಯೂಮಿನಿಯಮ್ಮಿನ ಮೇಲೆ ಈ ತೊಗಲಿನ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು. ಆದರೂ ಅದು ಎಷ್ಟು ಬಿಗಿಯಾದುದೆಂದರೆ ಒಳಗಿನ ಲೋಹವನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಆಕ್ಸೈಡಿನ ಹೊರಮೈಯಲ್ಲಿರುವ ಲೋಹದ ಮತ್ತು ಆಮ್ಲಜನಕದ ಪರಮಾಣುಗಳು ಗಾಳಿಯ ತೇವದಿಂದ ನೀರಿನ ಅಣುಗಳನ್ನು ಸೆಳೆದು, ಅವುಗಳನ್ನು ಸೀಳಿ, ಹೈಡ್ರಾಕ್ಸಿಲ್ ಎಂಬ ಪುಟ್ಟ ಗುಂಪುಗಳನ್ನಾಗಿ ಮಾಡಿಕೊಂಡು ಮೈತುಂಬ ಧರಿಸುತ್ತವೆ. ಅವುಗಳ ಮೇಲೆ ಮತ್ತೆ ನೀರಿನ ಅಣುಗಳ ಕೆಲವು ಪದರಗಳು ಕೂರುತ್ತವೆ. ಅದರ ಮೇಲೆ ಬೆರಳಿನ ಜಿಡ್ಡು, ಯಂತ್ರದ ಎಣ್ಣೆ, ಒಲೆಯ ಹೊಗೆ, ರಸ್ತೆಯ ಧೂಳು. ಆದುದರಿಂದ ನೀವು ಬಣ್ಣ ಬಳಿಯುವುದು ಕಬ್ಬಿಣಕ್ಕೆ ಎಂದುಕೊಂಡರೂ, ವಾಸ್ತವವಾಗಿ ಬಣ್ಣವು ಭೇಟಿಯಾಗುವುದು ಈ ಜಿಡ್ಡನ್ನು, ಈ ನೀರನ್ನು, ಬಹಳ ಪುಣ್ಯವಿದ್ದರೆ ಆ ಆಕ್ಸೈಡನ್ನು.

ಅಂಟು ಹಿಡಿಯುವುದಕ್ಕೆ ಆ ಹೈಡ್ರಾಕ್ಸಿಲ್ ಗುಂಪುಗಳೇ ಆಧಾರ. ಬಣ್ಣದಲ್ಲಿಯೂ ಅಂಟಿನಲ್ಲಿಯೂ ಇರುವ ರಾಳದ ಉದ್ದವಾದ ಅಣುಗಳು ಅವುಗಳೊಡನೆ ಸಂಬಂಧ ಬೆಳೆಸಬಲ್ಲವು. ಈ ಸಂಬಂಧ ಕೂಡುವುದು ಮಾತ್ರ ಎರಡು ಕಡೆಯವರ ಗುಣವನ್ನು ಅನುಸರಿಸಿ. ಮರಳಿನ ಸಾರವಾದ ಸಿಲಿಕವು ಆಮ್ಲಗುಣದ್ದು. ಅಲ್ಯೂಮಿನಿಯಮ್ಮಿನ ಆಕ್ಸೈಡಾದ ಅಲ್ಯೂಮಿನವೂ ಸತುವಿನ ಆಕ್ಸೈಡೂ ಕ್ಷಾರದ ಕಡೆಗೆ ವಾಲಿದವು. ಮೆಗ್ನೀಸಿಯಮ್ಮಿನ ಆಕ್ಸೈಡಾದ ಮೆಗ್ನೀಸಿಯವೂ ಸುಣ್ಣವೂ ತೀಕ್ಷ್ಣಕ್ಷಾರದವು. ಇದನ್ನು ಅಳೆಯುವ ವಿಧಾನವೂ ಉಂಟು: ಪುಡಿಯನ್ನು ನೀರಿನಲ್ಲಿ ಕದಡಿದಾಗ ಅದರ ಮೇಲ್ಮೈಯ ವಿದ್ಯುದಂಶವು ಶೂನ್ಯವಾಗುವ ಪಿಎಚ್ (ಆಮ್ಲ-ಕ್ಷಾರದ ಅಳತೆ) ಬೆಲೆ ಸಿಲಿಕಕ್ಕೆ ಸುಮಾರು 2, ಕಬ್ಬಿಣದ ಆಕ್ಸೈಡಿಗೆ ಸುಮಾರು 8, ಅಲ್ಯೂಮಿನಕ್ಕೆ ಸುಮಾರು 9, ಮೆಗ್ನೀಸಿಯಕ್ಕೆ ಸುಮಾರು 12. ಒಂದೇ ಡಬ್ಬಿಯ ಬಣ್ಣವು ಒಂದು ಕಡೆ ಕಚ್ಚಿಕೊಂಡು ಇನ್ನೊಂದು ಕಡೆ ಬಿಟ್ಟುಹೋಗುವುದರ ರಹಸ್ಯ ಬಹುಮಟ್ಟಿಗೆ ಇಲ್ಲಿದೆ. ಜೊತೆಗೆ ಇನ್ನೊಂದು ಮಾತು: ನೀರಿಗೆ ಆಕ್ಸೈಡಿನ ಮೇಲಿರುವ ಒಲವು ರಾಳಕ್ಕಿರುವ ಒಲವಿಗಿಂತ ಹೆಚ್ಚು. ಬಿರುಕಿನಿಂದಲೋ ಅಂಚಿನಿಂದಲೋ ನೀರು ಒಳನುಸುಳಿತೆಂದರೆ, ಅದು ರಾಳವನ್ನು ಪಕ್ಕಕ್ಕೆ ಸರಿಸಿ ಆ ಜಾಗವನ್ನು ತಾನು ಆಕ್ರಮಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ಭದ್ರವಾಗಿದ್ದ ಬಣ್ಣ ಆಷಾಢದ ಜಡಿಮಳೆಯಲ್ಲಿ ಏಳುವುದು ಈ ಕಾರಣದಿಂದ. ಕೊಡಗಿನ ಗಡಿಗೆ ತಾಗಿದ ಪಿರಿಯಾಪಟ್ಟಣದಲ್ಲಿಯೂ ಕಾಡಂಚಿನ ಹೆಗ್ಗಡದೇವನಕೋಟೆಯಲ್ಲಿಯೂ ಈ ವಿಚಾರ ಬಯಲುಸೀಮೆಗಿಂತ ಹೆಚ್ಚು ಮುಖ್ಯವಾದದ್ದು.

ಪುಡಿಗಳ ವಿಷಯದಲ್ಲಿ ಮೇಲ್ಮೈಯ ಮಹಿಮೆ ಇನ್ನೂ ಅಧಿಕ. ಒಂದು ಸೆಂಟಿಮೀಟರ್ ಘನದ ಒಂದು ತುಂಡಿಗೆ ಆರು ಮುಖಗಳು ಸೇರಿ 6 ಚದರ ಸೆಂಟಿಮೀಟರ್ ಮೇಲ್ಮೈ ಇರುತ್ತದೆ. ಅದೇ ತುಂಡನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಅಂಚಿನ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 6 ಚದರ ಮೀಟರ್ ಆಗುತ್ತದೆ, ಎಂದರೆ ಹತ್ತು ಸಾವಿರ ಪಟ್ಟು. ಒಂದು ಚಿಟಿಕೆ ಪುಡಿಯಲ್ಲಿ ಒಂದು ಕೋಣೆಯ ನೆಲದಷ್ಟು ಮೇಲ್ಮೈ ಅಡಗಿದೆ ಎಂದಾಯಿತು. ಆ ಅಷ್ಟೂ ಮೇಲ್ಮೈಯನ್ನು ಅಂಟು ನೆನೆಸಬೇಕು. ನೆನೆಸದೆ ಬಿಟ್ಟ ಪ್ರತಿಯೊಂದು ಕಣವೂ ಒಂದು ದುರ್ಬಲವಾದ ತಾಣ. ಕೆಂಪು ನೆಲ ಹಾಕುವಾಗ ಆಕ್ಸೈಡಿನ ಪುಡಿ ಸಿಮೆಂಟಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂಬ ನಿಯಮದ ಮರ್ಮ ಇದೇ. ಕಬ್ಬಿಣದ ಆಕ್ಸೈಡು ಸಿಮೆಂಟಿನೊಡನೆಯಾಗಲಿ ಸುಣ್ಣದೊಡನೆಯಾಗಲಿ ಸೇರಿ ಗಟ್ಟಿಯಾಗುವುದಿಲ್ಲ. ಬಿಸಿಲಿಗೂ ಕ್ಷಾರಕ್ಕೂ ಅಳುಕದೆ ಬಣ್ಣವನ್ನು ಮಾತ್ರ ಕೊಡುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಭಾರವೆಲ್ಲ ಸಿಮೆಂಟಿನದು. ಬಣ್ಣ ಇನ್ನಷ್ಟು ಗಾಢವಾಗಲೆಂದು ಪುಡಿ ಹೆಚ್ಚಿಸಿದರೆ, ಹಿಡಿಯುವವನಿಗೆ ಹೊರೆ ಹೆಚ್ಚಾಗಿ ನೆಲವು ಪಾದಕ್ಕೆ ಕೆಂಪು ಹತ್ತಿಸತೊಡಗುತ್ತದೆ.

ಈ ವಿಷಯಗಳು ನಮ್ಮ ನಾಡಿನ ಕಸುಬಿಗೆ ಅಪರಿಚಿತವಾದವೆಂದು ಯಾರೂ ತಿಳಿಯಬಾರದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಕ್ಯಾಲ್ಸಿಯಂ ಆಕ್ಸೈಡನ್ನು ಪಡೆದು, ನೀರೆರೆದು ಅರಳಿಸಿ, ಅದಕ್ಕೆ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿಯನ್ನು ಬೆರೆಸಿ ಅರೆದ ಸುರ್ಕಿ ಗಾರೆಯು, ಸುಣ್ಣದ ತೀಕ್ಷ್ಣಕ್ಷಾರಕ್ಕೂ ಇಟ್ಟಿಗೆಯ ಪುಡಿಯಲ್ಲಿನ ಸಿಲಿಕ-ಅಲ್ಯೂಮಿನಗಳಿಗೂ ಕಣಕಣದ ಮೇಲ್ಮೈಯಲ್ಲಿ ನಡೆಯುವ ಸಂಯೋಗದಿಂದಲೇ ನೀರಿನಲ್ಲಿಯೂ ಗಟ್ಟಿಯಾಗುವ ಶಕ್ತಿಯನ್ನು ಪಡೆಯುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟನ್ನು ಕಟ್ಟಿದ್ದು ಈ ಸುರ್ಕಿಯಿಂದ. ಅದರ ಹಿನ್ನೀರು ಇಂದಿಗೂ ಕೃಷ್ಣರಾಜನಗರದ ಸೀಮೆಯವರೆಗೆ ಚಾಚಿಕೊಂಡು ಆ ಗಾರೆಯ ಯೋಗ್ಯತೆಗೆ ಸಾಕ್ಷಿಯಾಗಿದೆ. ಕಾಡಿನ ಅರಗನ್ನು ಬಳಸಿಕೊಳ್ಳುವುದಕ್ಕಾಗಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. 1962ರಿಂದ ಈಚೆಗೆ ಭಾರತದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಯದು. ಆ ಶಾಯಿಯ ಗುರುತು ತೊಳೆದರೂ ಹೋಗದಿರುವುದಕ್ಕೆ ಅದರಲ್ಲಿನ ಬೆಳ್ಳಿಯ ಲವಣವು ಚರ್ಮದೊಡನೆ ರಾಸಾಯನಿಕವಾಗಿ ಬೆರೆತುಬಿಡುವುದೇ ಕಾರಣ. ಮೇಲೆ ಕೂತದ್ದು ಜಾರುತ್ತದೆ, ಮೈಯೊಡನೆ ಬೆರೆತದ್ದು ನಿಲ್ಲುತ್ತದೆ ಎಂಬ ನಿಯಮವನ್ನು ನಮ್ಮ ಜಿಲ್ಲೆಯೇ ದೇಶಕ್ಕೆಲ್ಲ ಬೆರಳ ತುದಿಯಲ್ಲಿ ತೋರಿಸಿಕೊಡುತ್ತಿರುವಾಗ, ನಮ್ಮ ಮನೆಗಳ ಗೋಡೆಯಲ್ಲಿಯೇ ಅದನ್ನು ಮರೆಯುವುದು ಉಚಿತವೇ?

ಈಗ ನಾನು ಹತ್ತಿರದಿಂದ ಕಂಡ ಎರಡು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ಹುಣಸೂರಿನ ಬಂಧುಗಳೊಬ್ಬರ ಮನೆಯಲ್ಲಿ ನಡುಮನೆಯ ಟೈಲ್ಸು ಸಾಲುಸಾಲಾಗಿ ಟೊಳ್ಳಾಗಿ, ಒಂದೆರಡು ತಾವಾಗಿಯೇ ಎದ್ದು ನಿಂತಿದ್ದವು. ಒಂದನ್ನು ಎತ್ತಿ ಮಗುಚಿ ನೋಡಿದಾಗ ಅದರ ಬೆನ್ನು ಆಗ ತಾನೇ ಪೆಟ್ಟಿಗೆಯಿಂದ ತೆಗೆದಷ್ಟು ನಿರ್ಮಲವಾಗಿತ್ತು. ಒಂದು ಚೂರು ಸಿಮೆಂಟೂ ಅದಕ್ಕೆ ಹತ್ತಿರಲಿಲ್ಲ. ಹೆಬ್ಬೆರಳಿನಿಂದ ಉಜ್ಜಿದೆ, ಬೆರಳಿಗೆ ನುಣ್ಣನೆಯ ಬಿಳಿಯ ಪುಡಿ ಬಂದಿತು. ಕೆಳಗಿದ್ದ ಗಾರೆಯ ಹಾಸಿನ ಮೇಲೆಯೂ ಟೈಲ್ಸಿನ ಬೆನ್ನಿನ ಗೆರೆಗಳ ಅಚ್ಚು ಸ್ಪಷ್ಟವಾಗಿ ಮೂಡಿ, ಅದರ ಮೇಲೆ ಅದೇ ಪುಡಿ ತೆಳ್ಳಗೆ ಕೂತಿತ್ತು. ರೊಟ್ಟಿ ತಟ್ಟುವಾಗ ಮಣೆಗೆ ಹತ್ತದಿರಲೆಂದು ಒಣ ಹಿಟ್ಟು ಉದುರಿಸುವ ಹಾಗೆ, ಸುಡುವ ಕುಲುಮೆಯ ಉರುಳೆಗಳಿಗೆ ಟೈಲ್ಸು ಅಂಟಿಕೊಳ್ಳಬಾರದೆಂದು ಕಾರ್ಖಾನೆಗಳಲ್ಲಿ ಅದರ ಬೆನ್ನಿಗೆ ಅಲ್ಯೂಮಿನ ಅಥವಾ ಮೆಗ್ನೀಸಿಯದಂಥ, ಆ ಕುಲುಮೆಯ ಶಾಖಕ್ಕೆ ಕರಗದ ಲೋಹಾಕ್ಸೈಡಿನ ಪುಡಿಯನ್ನು ಲೇಪಿಸುತ್ತಾರೆ. ಅಂಟಬಾರದೆಂದೇ ಹಚ್ಚಿದ ಪುಡಿಯ ಮೇಲೆ ಅಂಟು ಹಾಕಿದರೆ ಅದು ಪುಡಿಯನ್ನು ಹಿಡಿಯುತ್ತದೆ, ಟೈಲ್ಸನ್ನು ಹಿಡಿಯುವುದಿಲ್ಲ. ಮೇಲಾಗಿ ವಿಟ್ರಿಫೈಡ್ ಟೈಲ್ಸು ಹೀರುವ ನೀರು ತನ್ನ ತೂಕದ ನೂರರಲ್ಲಿ ಅರ್ಧ ಭಾಗವನ್ನೂ ಮೀರುವುದಿಲ್ಲವಾಗಿ, ಹಳೆಯ ಹೀರುವ ಟೈಲ್ಸಿನಂತೆ ಸಿಮೆಂಟಿನ ಹಾಲು ಅದರ ರಂಧ್ರಗಳಿಗೆ ಇಳಿದು ಬೇರೂರುವುದೂ ಸಾಧ್ಯವಿಲ್ಲ. ಒದ್ದೆ ಬಟ್ಟೆಯ ಒಂದು ಒರಸು, ರಾಳ ಬೆರೆತ ಟೈಲ್ಸ್ ಅಂಟು, ಇವೆರಡು ಇದ್ದಿದ್ದರೆ ಆ ಮನೆಯವರ ಹಣವೂ ಆ ಮೇಸ್ತ್ರಿಗಳ ಹೆಸರೂ ಉಳಿಯುತ್ತಿದ್ದವು.

ಎರಡನೆಯದು ಪಿರಿಯಾಪಟ್ಟಣದ ಕಡೆಯ ಒಂದು ಹೊಗೆಸೊಪ್ಪಿನ ಬ್ಯಾರನ್ನಿನದು. ಹೊಸ ಜಿಂಕ್ ಶೀಟು ಹೊದಿಸಿ, ಅಂದವಾಗಿರಲೆಂದೂ ಬಾಳಿಕೆ ಬರಲೆಂದೂ ಕೂಡಲೇ ಹಸಿರು ಎಣ್ಣೆಬಣ್ಣ ಬಳಿಸಿದ್ದರು. ಮರುವರ್ಷ ನಾನು ನೋಡುವ ಹೊತ್ತಿಗೆ ಬಣ್ಣವು ಅಂಗೈ ಅಗಲದ ಹಾಳೆಗಳಾಗಿ ಸುರುಳಿ ಸುತ್ತಿ ಏಳುತ್ತಿತ್ತು. ಒಂದು ಹಾಳೆಯನ್ನು ಕಿತ್ತು ಅದರ ಒಳಮೈಯನ್ನು ಮುಟ್ಟಿದರೆ ನುಣುಪಾಗಿ, ಜಾರುವಂತೆ ಇತ್ತು. ಅದಕ್ಕೆ ಕಾರಣ ಸಾಬೂನು. ಎಣ್ಣೆಯೂ ಕ್ಷಾರವೂ ಕೂಡಿದರೆ ಸಾಬೂನಾಗುವುದೆಂಬುದು ಸಾಬೂನು ಕಾಯಿಸುವವರಿಗೆಲ್ಲ ಗೊತ್ತಿರುವ ವಿಷಯ. ಸತುವಿನ ಮೇಲ್ಮೈಯಲ್ಲಿರುವ ಕ್ಷಾರಗುಣದ ಆಕ್ಸೈಡು ಎಣ್ಣೆಬಣ್ಣದ ಎಣ್ಣೆಯೊಡನೆ ನಿಧಾನವಾಗಿ ವರ್ತಿಸಿ, ಬಣ್ಣಕ್ಕೂ ತಗಡಿಗೂ ನಡುವೆ ಸತುವಿನ ಸಾಬೂನಿನ ತೆಳುವಾದ ಪದರವನ್ನು ಉಂಟುಮಾಡಿತ್ತು. ಬಳಿದವರ ಕೈ ಅಲ್ಲಿ ತಪ್ಪಿರಲಿಲ್ಲ. ಜೊತೆಗೂಡಬಾರದ ಎರಡನ್ನು ಜೊತೆಗೂಡಿಸಿದ್ದಷ್ಟೆ. ಹೊಸ ತಗಡನ್ನು ಕೆಲವು ತಿಂಗಳು ಬಿಸಿಲು ಮಳೆಗೆ ಬಿಟ್ಟು ಹೊಳಪು ಮಾಸಿದ ಮೇಲೆ ಬಳಿಯಬೇಕೆನ್ನುವ ಹಿರಿಯ ಕೆಲಸಗಾರರ ಮಾತು ಶಾಸ್ತ್ರಸಮ್ಮತವಾದದ್ದು. ಆ ಅವಧಿಯಲ್ಲಿ ಸತುವಿನ ಮೇಲೆ ಸ್ಥಿರವಾದ ಕಾರ್ಬೊನೇಟು ಪದರ ಹುಟ್ಟುತ್ತದೆ. ಕಾಯಲಾಗದವರಿಗೆ ಫಾಸ್ಫಾರಿಕ್ ಆಮ್ಲವಿರುವ ಎಚ್ ಪ್ರೈಮರು ಉಂಟು. ಅದು ತಗಡಿನ ಮೈಯನ್ನು ತುಸು ಕೊರೆದು, ಅಲ್ಲಿ ಫಾಸ್ಫೇಟನ್ನು ನಿಲ್ಲಿಸಿ, ಮೇಲಿನ ಬಣ್ಣಕ್ಕೆ ಹಿಡಿತ ಒದಗಿಸುತ್ತದೆ.

ಈ ಸಾಬೂನಿನ ನ್ಯಾಯ ಹೊಸ ಗೋಡೆಗೂ ಅನ್ವಯಿಸುತ್ತದೆ. ಹಸಿ ಸಿಮೆಂಟಿನ ಮೈ ತೀಕ್ಷ್ಣಕ್ಷಾರ. ಅದು ಆರದೆ, ಕನಿಷ್ಠ 28 ದಿನ ಕಳೆಯದೆ ಎಣ್ಣೆಬಣ್ಣ ಬಳಿದರೆ ಅಲ್ಲಿಯೂ ಅದೇ ಗತಿ. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ಯಜಮಾನರು ಅವಸರಪಡಿಸುವುದು ಸಹಜ; ಆದರೆ ಮುಹೂರ್ತಕ್ಕೆ ಹಸಿ ಗೋಡೆಯ ಮೇಲೆ ಸುಣ್ಣ ಹೊಡೆದು, ಎಣ್ಣೆಬಣ್ಣವನ್ನು ಗೋಡೆ ಆರಿದ ಮೇಲೆ, ಆ ಸುಣ್ಣವನ್ನು ಉಜ್ಜಿ ತೆಗೆದು ಬಳಿಯಬಹುದಲ್ಲವೆ? ಸುಣ್ಣವು ಹಸಿ ಗೋಡೆಗೆ ಸ್ನೇಹಿತ. ಅದು ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಗೋಡೆಯ ತೇವವನ್ನು ಹೊರಕ್ಕೆ ಹೋಗಗೊಡುತ್ತದೆ. ಹಳೆಯ ಮಣ್ಣಿನ ಅಥವಾ ಸುಣ್ಣಗಾರೆಯ ಗೋಡೆಗಳ ಮೇಲೆ ತೇವವನ್ನು ತಡೆಹಿಡಿಯುವ ಪ್ಲಾಸ್ಟಿಕ್ ಬಣ್ಣವನ್ನು ದಪ್ಪವಾಗಿ ಹೊದಿಸಿದಾಗ, ಒಳಗೆ ಸಿಕ್ಕಿಬಿದ್ದ ನೀರು ಬಣ್ಣವನ್ನು ಹೊರಕ್ಕೆ ನೂಕುವುದನ್ನು ನೀವೆಲ್ಲ ನೋಡಿಯೇ ಇದ್ದೀರಿ.

ಬಿಳಿಯ ಬಣ್ಣ ಬಳಿದ ಹೊರಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಹತ್ತುವುದೂ ಪುಡಿಯ ಮೇಲ್ಮೈಯದೇ ಪ್ರಭಾವ. ಬಿಳುಪನ್ನು ಕೊಡುವ ಟೈಟಾನಿಯಂ ಡೈಆಕ್ಸೈಡಿನ ಕಣಗಳು ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ, ಗಾಳಿಯ ಆಮ್ಲಜನಕದ ಮತ್ತು ತೇವದ ನೆರವಿನಿಂದ, ತಮ್ಮನ್ನು ಹಿಡಿದುಕೊಂಡಿರುವ ರಾಳವನ್ನೇ ಕ್ರಮೇಣ ತಿನ್ನುತ್ತವೆ. ಇದನ್ನು ತಡೆಯಲೆಂದು ಉತ್ತಮ ದರ್ಜೆಯ ಹೊರಗೋಡೆಯ ಬಣ್ಣಗಳಲ್ಲಿ ಪ್ರತಿಯೊಂದು ಕಣಕ್ಕೂ ಸಿಲಿಕ ಮತ್ತು ಅಲ್ಯೂಮಿನದ ಅತಿ ತೆಳುವಾದ ಕವಚ ತೊಡಿಸಿರುತ್ತಾರೆ. ಒಳಗೋಡೆಯ ಅಗ್ಗದ ಬಣ್ಣವನ್ನು ಹೊರಗೋಡೆಗೆ ಬಳಿಯಬಾರದೆನ್ನುವುದಕ್ಕೆ ಇದೊಂದು ಬಲವಾದ ಕಾರಣ. ಹಾಗೆ ಪುಡಿಯುದುರುವ ಗೋಡೆಗೆ ಮತ್ತೆ ಬಣ್ಣ ಹೊಡೆಯುವಾಗ, ಆ ಪುಡಿಯನ್ನು ಉಜ್ಜಿ ತೊಳೆದು ತೆಗೆಯದಿದ್ದರೆ ಹೊಸ ಬಣ್ಣ ನಿಲ್ಲುವುದು ಪುಡಿಯ ಮೇಲೆಯೇ.

ಬಡಗಿ ಬಂಧುಗಳೇ, ಮರಕ್ಕೂ ಮೇಲ್ಮೈ ಉಂಟು. ತೇಗದಂಥ ಎಣ್ಣೆಯುಳ್ಳ ಮರವನ್ನು ಕೀಸುಳಿ ಹೊಡೆದು ಹಾಗೆಯೇ ದಿನಗಟ್ಟಲೆ ಬಿಟ್ಟರೆ, ಒಳಗಿನ ಎಣ್ಣೆ ಮೇಲಕ್ಕೆ ಬಂದು ಅಂಟನ್ನು ದೂರ ತಳ್ಳುತ್ತದೆ. ಕೀಸಿದ ದಿನವೇ ಅಂಟಿಸುವುದು ಲೇಸು. ಫೆವಿಕಾಲಿನಂಥ ಅಂಟುಗಳು ಮರದ ನಾರಿನೊಳಕ್ಕೆ ಇಳಿದು, ತಮ್ಮ ನೀರನ್ನು ಮರಕ್ಕೆ ಬಿಟ್ಟುಕೊಟ್ಟು ಗಟ್ಟಿಯಾಗುತ್ತವೆ. ಆದುದರಿಂದ ನೀರು ಹೀರದ ಅಲ್ಯೂಮಿನಿಯಂ ಪಟ್ಟಿಗೋ ಕಬ್ಬಿಣದ ಚೌಕಟ್ಟಿಗೋ ಅವನ್ನು ಹಚ್ಚಿ ಫಲವಿಲ್ಲ. ಅಲ್ಲಿಗೆ ಅರಾಲ್ಡೈಟಿನಂಥ ಎಪಾಕ್ಸಿ ಬೇಕು. ಅದು ಆಕ್ಸೈಡಿನ ಹೈಡ್ರಾಕ್ಸಿಲ್ಲುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಲೋಹವನ್ನು ಥಿನ್ನರಿನಿಂದ ಒರೆಸಿ, ಎಮರಿ ಕಾಗದದಿಂದ ಉಜ್ಜಿ, ಧೂಳು ಕೊಡವಿ, ಮತ್ತೆ ಒರೆಸಿ, ತಡಮಾಡದೆ ಅಂಟಿಸಿದಾಗ ಮಾತ್ರ. ನಿಮ್ಮ ಕೈಯಲ್ಲಿರುವ ಆ ಎಮರಿಯೂ ಮೂಲತಃ ಅಲ್ಯೂಮಿನಿಯಮ್ಮಿನ ಮತ್ತು ಕಬ್ಬಿಣದ ಆಕ್ಸೈಡುಗಳು ಬೆರೆತ ಖನಿಜವೇ.

ಇಷ್ಟು ಪೀಠಿಕೆಯಾದ ಮೇಲೆ ನನ್ನ ಪ್ರಾರ್ಥನೆಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಬಣ್ಣ ಅಥವಾ ಅಂಟು ಹಚ್ಚುವ ಮುನ್ನ ಲೋಹದ ಮೇಲೆ ಶುದ್ಧವಾದ ನೀರನ್ನು ಸುರಿದು ನೋಡಿ. ನೀರು ಎಲ್ಲೆಡೆ ಒಂದೇ ಹಾಳೆಯಾಗಿ ಹರಡಿ ನಿಂತರೆ ಮೇಲ್ಮೈ ಶುದ್ಧ. ಹನಿಹನಿಯಾಗಿ ಒಡೆದು ಜಾರಿದರೆ ಜಿಡ್ಡು ಉಳಿದಿದೆ, ಮತ್ತೆ ಒರೆಸಬೇಕು. ಇದಕ್ಕೆ ಕಾಸು ಖರ್ಚಿಲ್ಲ, ಯಂತ್ರ ಬೇಕಿಲ್ಲ. ಪರೀಕ್ಷೆಯಾದ ಮೇಲೆ ಪೂರ್ಣವಾಗಿ ಒಣಗಿಸುವುದನ್ನು ಮಾತ್ರ ಮರೆಯಬೇಡಿ.

ಎರಡನೆಯದು, ತುಕ್ಕಿನ ಮೇಲೆ ಎಂದಿಗೂ ಬಳಿಯಬೇಡಿ. ತುಕ್ಕು ಕಬ್ಬಿಣದ ಆಕ್ಸೈಡೇ ಆದರೂ ಅದು ಸಡಿಲವಾದದ್ದು, ನೀರನ್ನೂ ಉಪ್ಪನ್ನೂ ಒಡಲಲ್ಲಿ ಇಟ್ಟುಕೊಂಡದ್ದು. ಪ್ರೈಮರು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದರೂ ಅದು ಕಬ್ಬಿಣವನ್ನು ಹಿಡಿದಿರುವುದಿಲ್ಲ. ಹೊಸ ಕಬ್ಬಿಣದ ಮೇಲಿನ ನೀಲಿಗಪ್ಪು ಹೊಟ್ಟೂ ಹಾಗೆಯೇ ಸಿಡಿದು ಏಳುವಂಥದು. ತಂತಿ ಬ್ರಷ್ಷಿನಿಂದಲೂ ಎಮರಿಯಿಂದಲೂ ತೆಗೆದು, ಆ ದಿನವೇ ಪ್ರೈಮರು ಹಚ್ಚಿ. ರಾತ್ರಿ ಬಿಟ್ಟರೆ ಬೆಳಗಿನ ಇಬ್ಬನಿ ಮತ್ತೆ ತುಕ್ಕನ್ನು ತರುತ್ತದೆ. ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಲೋಹವು ಕನಿಷ್ಠ 3 ಡಿಗ್ರಿಯಾದರೂ ಬೆಚ್ಚಗಿರಬೇಕೆಂಬುದು ಬಣ್ಣದ ಶಾಸ್ತ್ರದ ನಿಯಮ. ಎಂದರೆ ಮಾಗಿಯ ದಿನಗಳಲ್ಲಿ ಬಿಸಿಲೇರುವ ತನಕ ಗೇಟಿಗಾಗಲಿ ಕಿಟಕಿಯ ಸರಳಿಗಾಗಲಿ ಬ್ರಷ್ಷು ತಾಗಿಸಬಾರದು.

ಮೂರನೆಯದು, ಪ್ರತಿಯೊಂದು ಟೈಲ್ಸಿನ ಬೆನ್ನನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಅಂಟನ್ನು ನೆಲಕ್ಕೂ ಬೆನ್ನಿಗೂ ಎರಡು ಕಡೆಯೂ ಹಚ್ಚಿ. ಹಳೆಯ ನುಣುಪಾದ ಕೆಂಪು ನೆಲದ ಮೇಲೆ ಹಾಕುವುದಾದರೆ ಮೊದಲು ಉಳಿಯಿಂದ ಕೊಚ್ಚಿ ಒರಟು ಮಾಡಿ, ವರ್ಷಗಳಿಂದ ಅದು ಹೀರಿದ ಕೊಬ್ಬರಿಯೆಣ್ಣೆ ಮತ್ತು ಮೇಣವನ್ನು ತೆಗೆಯಿರಿ. ಮೊದಲನೆಯ ಸಾಲಿನಲ್ಲಿ ಒಂದು ಟೈಲ್ಸನ್ನು ಹಾಕಿದ ಕೂಡಲೇ ಎತ್ತಿ ನೋಡಿ. ಬೆನ್ನಿನ ತುಂಬ ಅಂಟು ಹತ್ತಿದ್ದರೆ ಮುಂದುವರಿಯಿರಿ. ಸಾಧ್ಯವಾದರೆ ಒಳ್ಳೆಯ ಕೆಂಪು ನೆಲವನ್ನು ಉಳಿಸಿಕೊಳ್ಳುವಂತೆ ಮನೆಯವರಿಗೆ ತಿಳಿಯಹೇಳಿರೆಂದೂ ಬೇಡುತ್ತೇನೆ.

ನಾಲ್ಕನೆಯದು, ದೊಡ್ಡ ಕೆಲಸಕ್ಕೆ ಮುಂಚೆ ಒಂದು ಗೇಣಿನಷ್ಟು ಜಾಗದಲ್ಲಿ ಬಳಿದು, ಪೂರ್ಣವಾಗಿ ಆರಿದ ಮೇಲೆ ಬ್ಲೇಡಿನಿಂದ ಅಡ್ಡವಾಗಿಯೂ ಉದ್ದವಾಗಿಯೂ ಚೌಕುಳಿ ಗೆರೆ ಎಳೆದು, ಅಂಟುಪಟ್ಟಿಯನ್ನು ಒತ್ತಿ ಹಚ್ಚಿ ಸರಕ್ಕನೆ ಕೀಳಿರಿ. ಚೌಕಗಳು ಪಟ್ಟಿಯ ಜೊತೆ ಬಂದರೆ ಮೇಲ್ಮೈ ಇನ್ನೂ ಸಿದ್ಧವಾಗಿಲ್ಲ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ನಿಮ್ಮ ಶರೀರವನ್ನು ಕಾಪಾಡಿಕೊಳ್ಳಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೆ ಹಿಂದಿನ ಬಣ್ಣಗಳಲ್ಲಿ, ವಿಶೇಷವಾಗಿ ಹಳೆಯ ಎಣ್ಣೆಬಣ್ಣಗಳಲ್ಲಿಯೂ ಕೆಂಪು ಸೀಸದ ಪ್ರೈಮರುಗಳಲ್ಲಿಯೂ ಅದು ಬಹಳವಾಗಿ ಇರಬಹುದು. ಹಳೆಯ ಕಿಟಕಿ ಬಾಗಿಲುಗಳನ್ನು ಒಣದಾಗಿ ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಮೂಗು ಬಾಯಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕನ್ನು ಕಟ್ಟಿಕೊಳ್ಳಿ. ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಟೈಲ್ಸು ಮತ್ತು ಗ್ರಾನೈಟು ಕೊಯ್ಯುವಾಗ ಏಳುವ ಸಿಲಿಕದ ಧೂಳು ಶ್ವಾಸಕೋಶದಲ್ಲಿ ಕೂತರೆ ಹಿಂದಿರುಗಿ ಬರುವುದಿಲ್ಲ. ಅಲ್ಲಿಯೂ ನೀರು ಹಾಕಿಯೇ ಕೊಯ್ಯಿರಿ. ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕವಿರಲಿ. ಪುಡಿಯ ಅಗಾಧವಾದ ಮೇಲ್ಮೈಯ ವಿಷಯವಾಗಿ ಮೇಲೆ ಹೇಳಿದೆನಷ್ಟೆ. ಅದೇ ಮೇಲ್ಮೈ ನಿಮ್ಮ ಎದೆಯೊಳಗೂ ತನ್ನ ಕೆಲಸವನ್ನು ನಡೆಸುತ್ತದೆ.

ಕೊನೆಯದಾಗಿ, ಕೆಲಸ ಒಪ್ಪಿಕೊಳ್ಳುವಾಗ ಮೇಲ್ಮೈಯನ್ನು ಸಿದ್ಧಪಡಿಸುವ ಒಂದು ದಿನದ ಕೂಲಿಯನ್ನು ಅಂದಾಜುಪಟ್ಟಿಯಲ್ಲಿ ಬೇರೆಯಾಗಿಯೇ ಬರೆದು ತೋರಿಸಿ. ಚದರಕ್ಕೆ ಇಷ್ಟು ಎಂದು ಒಟ್ಟು ಗುತ್ತಿಗೆ ಮಾತಾಡುವಾಗ ಮೊದಲು ಬಲಿಯಾಗುವುದು ಈ ದಿನವೇ ಎಂಬುದನ್ನು ನಾನು ಬಲ್ಲೆ. ಒರೆಸಿದ್ದು, ಉಜ್ಜಿದ್ದು, ಕಾದದ್ದು ಕಣ್ಣಿಗೆ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ಹಣ ಕೊಡಲು ಜನ ಹಿಂದೆಗೆಯುತ್ತಾರೆ. ಪೈಪೋಟಿಯಲ್ಲಿ ಕಡಿಮೆ ದರ ಹೇಳಿದವರಿಗೆ ಕೆಲಸ ಹೋಗುತ್ತದೆ. ಇದರಲ್ಲಿ ನಿಮ್ಮ ಪಾಲಿಗಿಂತ ಕೆಲಸ ಮಾಡಿಸುವವರ ಪಾಲೇ ದೊಡ್ಡದು. ಆದಕಾರಣ ಈ ಪತ್ರವನ್ನು ಓದುವ ಮನೆಯ ಯಜಮಾನ ಯಜಮಾನಿಯರಲ್ಲಿಯೂ ಕೈಮುಗಿದು ಕೇಳುತ್ತೇನೆ: ನಿಮ್ಮ ಮೇಸ್ತ್ರಿಗಳು ಒಂದು ದಿನ ಬರಿದೇ ಉಜ್ಜಿ ತೊಳೆದು ಹೋದರೆಂದು ಅನುಮಾನಿಸಬೇಡಿ; ಆ ದಿನಕ್ಕೆ ಪೂರ್ತಿ ಕೂಲಿ ಕೊಡಿ. ಡಬ್ಬಿಯ ಬೆಲೆಯಲ್ಲಿ ಉಳಿಸಬೇಕಾದರೆ ಉಳಿಸಿ, ಈ ದಿನದಲ್ಲಿ ಮಾತ್ರ ಉಳಿಸಬೇಡಿ.

ಬಂಧುಗಳೇ, ನಿಮ್ಮಲ್ಲಿ ಅನೇಕರು ಶಾಲೆಯನ್ನು ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿದವರು. ರಸಾಯನಶಾಸ್ತ್ರವೆಂದರೆ ತಮಗೆ ಸಲ್ಲದ ವಿದ್ಯೆಯೆಂದು ನೀವು ಹೇಳುವುದನ್ನು ಕೇಳಿ ನಾನು ನೊಂದಿದ್ದೇನೆ. ಸುಣ್ಣ ಅರಳುವುದನ್ನು, ಸಿಮೆಂಟು ಕಚ್ಚುವುದನ್ನು, ಎಣ್ಣೆ ಒಣಗುವುದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಒಮ್ಮೆ ಓದಿ ಮರೆಯುತ್ತಾರೆ. ನೀವು ಅದನ್ನು ದಿನವೂ ಕೈಯಿಂದ ಮಾಡುತ್ತೀರಿ. ನಿಮ್ಮ ಕೈಗೆ ತಿಳಿದಿರುವುದಕ್ಕೆ ಕಾರಣವನ್ನು ಕೂಡಿಸಿಕೊಳ್ಳುವುದಷ್ಟೇ ಉಳಿದಿರುವ ಕೆಲಸ. ನಿಮ್ಮ ಕೈಕೆಳಗೆ ಕಲಿಯುತ್ತಿರುವ ಹುಡುಗರಿಗೆ ಒರೆಸು ಎಂದು ಹೇಳುವಾಗ ಏಕೆ ಒರೆಸಬೇಕೆಂಬುದನ್ನೂ ದಯಮಾಡಿ ಹೇಳಿಕೊಡಿ. ಕಾರಣ ತಿಳಿದ ಹುಡುಗ ನೀವು ನೋಡದಿದ್ದಾಗಲೂ ಒರೆಸುತ್ತಾನೆ. ಈ ವಿಷಯದಲ್ಲಿ ಏನಾದರೂ ಸಂದೇಹವಿದ್ದರೆ ನಿಮ್ಮೂರಿನ ಪ್ರೌಢಶಾಲೆಯ ಅಥವಾ ಕಾಲೇಜಿನ ವಿಜ್ಞಾನದ ಅಧ್ಯಾಪಕರನ್ನು ಸಂಕೋಚವಿಲ್ಲದೆ ಕೇಳಿ. ನಿಮಗೆ ಉತ್ತರಿಸುವುದು ಅವರ ಕರ್ತವ್ಯವೆಂದು ಅವರದೇ ವೃತ್ತಿಯ ನಾನು ಹೇಳಬಲ್ಲೆ.

ನಿಮ್ಮ ಕೆಲಸ ಬಹುಕಾಲ ನಿಲ್ಲಲಿ, ಅದಕ್ಕೆ ತಕ್ಕ ಕೂಲಿಯೂ ಗೌರವವೂ ನಿಮಗೆ ದೊರೆಯಲಿ ಎಂದು ಹಾರೈಸುತ್ತೇನೆ.


ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ
ಹುಣಸೂರು